ಒಡ್ಡಿನ ಮೇಲೆ ನಿಂತ ಸನಿಕೆ

ಕಡಲತಡಿಯ ಊರು ಓಸ್ಟರ್‌ಹೋರ್ನಿನ ಮಕ್ಕಳು ನಡೆಯಲು ಕಲಿಯುವ ಮೊದಲೇ ಒಂದು ಪಾಠ ಕಲಿಯುತ್ತಾರೆ: ಕಡಲ ಒಡ್ಡಿನ ಮೇಲೆ ಸನಿಕೆಯನ್ನು ಮಲಗಿಸಬೇಕು, ನಿಲ್ಲಿಸಬಾರದು. ಒಡ್ಡಿನಲ್ಲಿ ಪ್ರತಿ ಮನೆಗೂ ಒಂದೊಂದು ಪಾಲು. ಅದನ್ನು ಕಾಯುವುದು ಇನ್ನು ತಮ್ಮ ಕೈಲಾಗದು ಎನ್ನುವವರು ಅಲ್ಲಿ ಸನಿಕೆ ನೆಟ್ಟು ಹೋಗುತ್ತಾರೆ. ಕಿತ್ತವರಿಗೆ ಆ ಪಾಲು, ಜೊತೆಗೆ ನೆಟ್ಟವರ ಮನೆ, ಹೊಲ ಎಲ್ಲ. ನೆಟ್ಟವರು ತಾವೇ ಕೀಳುವಂತಿಲ್ಲ. ಅಜ್ಜಂದಿರ ಕಾಲದಲ್ಲಿ ಕಡಲು ಅರ್ಧ ಊರನ್ನು ನುಂಗಿದ ಮೇಲೆ ಮಾಡಿದ ಕಾನೂನು ಅದು, ಅದರಲ್ಲಿ ದಯೆ ದಾಕ್ಷಿಣ್ಯ ಹುಡುಕಬಾರದು.

ಇಷ್ಟೆಲ್ಲ ಗೊತ್ತಿದ್ದೂ ಗೊಂಡೆಲ್ ಸನಿಕೆ ನೆಟ್ಟಳು. ಗಂಡ ತೀರಿಕೊಂಡ ಒಂಬತ್ತು ವರ್ಷದಲ್ಲಿ ತನ್ನ ಪಾಲಿನ ಒಡ್ಡಿನಲ್ಲಿ ಒಂದು ಇಲಿಬಿಲವನ್ನೂ ಉಳಿಸದ ಗಟ್ಟಿಗಿತ್ತಿ ಅವಳು. ಅವತ್ತು ಒಡ್ಡಿನ ತಪಾಸಣೆ. ಊರವರು ಬರುವ ಮುಂಚೆ ಹುಲ್ಲು ಸಮೇತ ಕೊನೆಯ ಮಣ್ಣಿನ ಹೆಂಟೆ ಕೂರಿಸುತ್ತಿದ್ದಾಗ ಕೆಳಗೆ ಅವಳ ಕುರಿಯೊಂದು ಕಾಲುವೆಗೆ ಬಿದ್ದು ಅರಚಿತು. ಸನಿಕೆಯನ್ನು ಎಲ್ಲಿ ಚುಚ್ಚಿದೆನೆಂಬ ಪರಿವೆಯೂ ಇಲ್ಲದೆ ಓಡಿದಳು. ಕುರಿಯನ್ನು ದಡಕ್ಕೆ ಎಳೆದುಹಾಕಿ, ಸೊಂಟದವರೆಗೆ ಕೆಸರಾಗಿ ಹತ್ತಿ ಬಂದರೆ ಊರಿಗೆ ಊರೇ ಸನಿಕೆಯ ಸುತ್ತ ನಿಂತಿದೆ.

ಒಡ್ಡಿನ ಯಜಮಾನ ಫೋಲ್ಕರ್ಟ್ ಮುದುಕ ಗಡ್ಡ ಕೆರೆದುಕೊಂಡ. ಕುರಿಯ ಕಥೆಯನ್ನೆಲ್ಲ ಕೇಳಿ, ತನಗೇನೋ ಅಯ್ಯೋ ಅನ್ನಿಸುತ್ತದೆ, ಆದರೆ ಕಾನೂನಿನ ಕಣ್ಣಿಗೆ ಕುರಿ ಬೀಳುವುದಿಲ್ಲವಲ್ಲ ಎಂದ. ಅಷ್ಟರಲ್ಲಿ ಸಾಹುಕಾರ ಬಾನೆ ಗುಂಪನ್ನು ಸರಿಸಿಕೊಂಡು ಬಂದ. ಊರಿನ ಅರ್ಧ ಹೊಲ ಆಗಲೇ ಅವನದು, ಆಸೆ ಮಾತ್ರ ಇನ್ನೂ ತೀರಿರಲಿಲ್ಲ. ಅವನ ಕೈ ಹಿಡಿಕೆಗೆ ತಾಗುವಷ್ಟರಲ್ಲಿ ಇನ್ನೊಂದು ಕೈ ಸನಿಕೆಯನ್ನು ಕಿತ್ತೇ ಬಿಟ್ಟಿತು.

ಅದು ಪಕ್ಕದ ಪಾಲಿನ ನಾಮೆನ್‌ನ ಕೈ. ಮದುವೆಯಾಗದ ಒಂಟಿಜೀವ. ವರ್ಷಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಎಂಟು ಗಾಳಿಯ ಬಗ್ಗೆ.

ಎಲ್ಲವೂ ಇನ್ನು ನಾಮೆನ್‌ನದು ಎಂದು ಫೋಲ್ಕರ್ಟ್ ಸಾರಿದ. ಗೊಂಡೆಲ್‌ಗೆ ಮೈಯೆಲ್ಲ ಉರಿದುಹೋಯಿತು. ಏಳು ವರ್ಷದಿಂದ ಪ್ರತಿ ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಅವಳ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಬಾಯಿ ಹೊಲಿದುಕೊಂಡು ಬರುತ್ತಿದ್ದವನು ಕಾದದ್ದು ಇದಕ್ಕಾ? ಕಳ್ಳಬೆಕ್ಕೇ ಎಂದು ಬೈಯಲು ಬಾಯಿ ತೆರೆದಳು.

ನಾಮೆನ್ ಅವಳ ಮುಖ ನೋಡಲಿಲ್ಲ. ಅಲಗಿನ ಮಣ್ಣನ್ನು ತೋಳಿಗೆ ಒರೆಸಿ, ಎರಡು ಹೆಜ್ಜೆ ನಡೆದು, ಸನಿಕೆಯನ್ನು ಅವಳ ಕಾಲಬುಡದಲ್ಲೇ ಮತ್ತೆ ನೆಟ್ಟ.

ಫೋಲ್ಕರ್ಟ್ ಗಾಬರಿಯಾದ. "ಲೋ, ನೆಟ್ಟವನದು ಎಲ್ಲಾ ಹೋಗುತ್ತೆ ಕಣೋ. ಇವಳದಷ್ಟೇ ಅಲ್ಲ, ನಿಂದೂ ಹೋಗುತ್ತೆ. ಮನೆ, ಹೊಲ, ಒಂದೂ ಉಳಿಯಲ್ಲ."

"ಗೊತ್ತು," ಎಂದ ನಾಮೆನ್.

ಈಗ ನೆಟ್ಟವನು ಅವನು, ಗೊಂಡೆಲ್ ಕೀಳಬಹುದು. ಇದು ಬಾನೆಗೂ ಹೊಳೆದು ಅವನು ಮುನ್ನುಗ್ಗಿದ, ಆದರೆ ಕೆಸರು ಮೆತ್ತಿದ ಲಂಗವನ್ನು ಎತ್ತಿ ಹಿಡಿದು ಅವಳು ಅಡ್ಡ ನಿಂತಾಗಿತ್ತು. ಒಂದೇ ಎಳೆತಕ್ಕೆ ಸನಿಕೆ ಕೈಗೆ ಬಂತು. ಬಾನೆ ಜಾರಿ ಕೂತುಬಿಟ್ಟ. ಇಡೀ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎರಡೂ ಮನೆ ಗೊಂಡೆಲ್‌ಳವು ಎಂದು ಸಾರುವಷ್ಟರಲ್ಲಿ ಫೋಲ್ಕರ್ಟ್‌ನ ಕಣ್ಣಲ್ಲೂ ನೀರು ಬಂದಿತ್ತು.

ಗೊಂಡೆಲ್ ಮಾತ್ರ ನಗಲಿಲ್ಲ. ಉಟ್ಟ ಬಟ್ಟೆ ಬಿಟ್ಟರೆ ಏನೂ ಇಲ್ಲದೆ ನಿಂತವನನ್ನು ನೋಡಿದಳು.

"ಏಳು ವರ್ಷ ಒಂದು ಮಾತು ಕೇಳೋಕೆ ಬಾಯಿ ಬರ್ಲಿಲ್ಲ ನಿಂಗೆ. ಇರೋದೆಲ್ಲ ಕೊಟ್ಬಿಡೋಕೆ ಕೈ ಬಂತಾ?"

"ಕೊಡೋದು ಸುಲಭ," ಎಂದ ನಾಮೆನ್, ತನ್ನ ಬೂಟು ನೋಡುತ್ತ. "ಕೇಳೋದು ಕಷ್ಟ."

ಒಂಬತ್ತು ವರ್ಷದಲ್ಲಿ ಅಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ. ಕೆಸರು ಕೈಯಲ್ಲೇ ಅವನ ತೋಳು ಹಿಡಿದುಕೊಂಡು, ಮನೆಗೆ ನಡಿ ಎಂದಳು.

"ಯಾವ ಮನೆಗೆ?"

"ಎರಡೂ ನಂದೇ ಅಲ್ವಾ? ನೀನೇ ಆರಿಸ್ಕೋ. ನಾನೂ ಅಲ್ಲಿಗೇ ಬರ್ತೀನಿ."