ನಾಲ್ಕನೆಯ ಸಾಲು

ಬೀಸಿಕೊಳ್ಳುತ್ತಿದ್ದಾನೆ, ಆ ಕಾರ್ಡನ್ನೇ ಬೀಸಣಿಗೆ ಮಾಡಿಕೊಂಡು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಬಿಸಿಲಿಗೆ ಬಿಳಿಯ ಮೂಲೆ ಫಳಕ್ ಎನ್ನುತ್ತದೆ — ಬೀಸಿಕೋ ಆಸ್ವಾಲ್ಡ್, ಎಷ್ಟು ಬೇಕಾದರೂ ಬೀಸಿಕೋ, ತಿರುಗಿಸಿ ಓದಬೇಡ ಅಷ್ಟೆ. ಎದುರಿನ ಬೆಂಚಿನಲ್ಲಿ ಅವನೊಬ್ಬನೇ, ಮಸ್ಕತ್ ಕಾಲೇಜಿನ ಕೋಚ್. ಈ ಬೆಂಚಿನಲ್ಲಿ ನಾನು ಮತ್ತು ಪಾಸ್ಕಲ್ ಸಾರ್, ಒಮಾನಿನ ನಿಜ್ವಾದ ಪುಟ್ಟ ಕಾಲೇಜಿನ ಬೇಸ್‌ಬಾಲ್ ತಂಡದ ಹೆಡ್ ಕೋಚ್ ಅವರು, ಅಸಿಸ್ಟೆಂಟ್ ನಾನು. ಮೂರನೆಯವರು ಮೈಮುನಾ ಮೇಡಂ, ಹುಡುಗರ ಕಾಲಿಗೆ ಪಟ್ಟಿ ಸುತ್ತುವವರು, ಹೆಂಗಸರ ನಮಾಜಿನ ಕೋಣೆಗೆ ಹೋಗಿದ್ದಾರೆ. ಉಳಿದವರೆಲ್ಲ, ಎರಡೂ ತಂಡದ ಹುಡುಗರು, ಅಂಪೈರ್ ಕೂಡ, ಅಂಕಣದ ನಡುವೆಯೇ ಸಾಲಾಗಿ ನಿಂತು ಇಳಿಹೊತ್ತಿನ ಅಸರ್ ನಮಾಜು ಮಾಡುತ್ತಿದ್ದಾರೆ. ಹಿಲಾಲ್ ಹೊಡೆದ ಚೆಂಡು ಬೇಲಿಗೆ ಬಡಿದು, ಇಬ್ಬರು ಓಡಿ ಬಂದು ನಾವು ಗೆದ್ದು, ಕೇಕೆ ಹಾಕಲು ಬಾಯಿ ತೆರೆಯುವಷ್ಟರಲ್ಲಿ ಆಜಾನ್ ಕೂಗಿತು, ಯಾರೂ ಹೊರಗೆ ಹೋಗಲಿಲ್ಲ, ನಿಂತಲ್ಲೇ ಗ್ಲೌಸ್ ಕಳಚಿ ಸಾಲು ಹಿಡಿದರು. ಹೊರಗೆ ಹೋಗಿದ್ದರೆ ಅಲ್ಲಿಗೆ ಮುಗಿದಿತ್ತು, ನಾನು ಬಚಾವು. ಐದೇ ನಿಮಿಷದ ಕೆಲಸ, ಗೊತ್ತು, ಆದರೆ ಎದುರು ತಂಡ ಅಂಕಣದ ಸುಣ್ಣದ ಗೆರೆ ದಾಟುವವರೆಗೆ ಅವರ ಕೋಚ್ ಆಕ್ಷೇಪ ಎತ್ತಬಹುದು, ಪುಸ್ತಕದಲ್ಲಿದೆ, ಪುಸ್ತಕ ನನಗೆ ಬಾಯಿಪಾಠ, ಬ್ಯಾಟ್ ಮಾತ್ರ ಹಿಡಿದು ಗೊತ್ತಿಲ್ಲ.

ಕರಡು ಬೇರೆ, ಶುದ್ಧಪ್ರತಿ ಬೇರೆ. ಮೈಸೂರಿನ ಸಂಜೆ ಕಾಲೇಜಿನಲ್ಲಿ ಮೇಷ್ಟ್ರು ಹೇಳುತ್ತಿದ್ದರು, ಹಗಲೆಲ್ಲ ಆಫೀಸಿನಲ್ಲಿ ಟೈಪ್ ಮಾಡಿ ಬಂದ ಬೆರಳು ನಮ್ಮದು, ಆದರೂ ಶುದ್ಧಪ್ರತಿಯಲ್ಲಿ ಒಂದು ಗೀಚೂ ಇರಬಾರದು. ಹಾಗೇ ನಿನ್ನೆ ಸಂಜೆ ಊಟದ ಮೇಜಿನ ಮೇಲೆ ಬ್ಯಾಟಿಂಗ್ ಸರದಿಯ ಕಾರ್ಡು ಬರೆದೆ, ಅಂಪೈರಿಗೆ ಒಂದು, ಆಸ್ವಾಲ್ಡ್‌ಗೆ ಒಂದು, ಕಪ್ಪು ಶಾಯಿ, ಇಂಗ್ಲಿಷ್ ಅಕ್ಷರ, ನಾಲ್ಕನೆಯ ಸಾಲು ಯಾಕೂಬ್, ಐದನೆಯದು ಹಿಲಾಲ್. ಬೆಳಿಗ್ಗೆ ಬಸ್ಸಿನಲ್ಲಿ ಪಾಸ್ಕಲ್ ಸಾರ್ ಹೇಳಿದರು, ರಾಜಗೋಪಾಲ್ರೇ, ಯಾಕೂಬನಿಗೆ ಭುಜ ನೋವುಂಟಂತೆ, ಹಿಲಾಲ್‌ನನ್ನು ಮುಂದೆ ಹಾಕುವ. ಹಾಕಿದೆ, ಕರಡಿನಲ್ಲಿ, ಬಾಣ ಎಳೆದು, ಗೀಚಿ. ಇಳಿದ ಮೇಲೆ ಹೊಸದಾಗಿ ಬರೆಯೋಣ ಎಂದುಕೊಂಡೆ, ಇಳಿದ ಮೇಲೆ ನೀರಿನ ಪೆಟ್ಟಿಗೆ, ಬ್ಯಾಟಿನ ಚೀಲ, ಅಂಪೈರ್ ಕೈ ಚಾಚಿ ಅವಸರದಲ್ಲಿ ಯಲ್ಲಾ ಯಲ್ಲಾ ಎಂದ, ಗೀಚಿದ ಕಾಗದ ಕೊಡಲು ಕೈ ಬರಲಿಲ್ಲ, ನಿನ್ನೆಯ ಚಂದದ ಕಾರ್ಡುಗಳನ್ನೇ ಇಬ್ಬರಿಗೂ ಕೊಟ್ಟೆ. ಮರೆತೆನೋ, ನಾಚಿದೆನೋ, ಈಗಲೂ ತಿಳಿಯದು. ಇವತ್ತು ಇದಕ್ಕೆ ಮುಂಚೆಯೂ ಎರಡು ಸಲ ಹಿಲಾಲ್ ಯಾಕೂಬನ ಸರದಿಯಲ್ಲಿ ಆಡಿದ್ದಾನೆ, ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ, ಮುಂದಿನ ಚೆಂಡು ಬಿದ್ದ ಕೂಡಲೇ ತಪ್ಪು ಮುಚ್ಚಿಹೋಗುತ್ತದೆ, ನಿಯಮವೇ ಹಾಗೆ — ಈ ಸಲ ಮುಂದಿನ ಚೆಂಡಿಲ್ಲ. ಆಸ್ವಾಲ್ಡ್ ಓದಿ ಬಾಯಿ ಬಿಟ್ಟರೆ ಗೆಲುವಿನ ಆ ಎರಡು ಓಟವೂ ರದ್ದು, ಕಾರ್ಡಿನ ಪ್ರಕಾರ ಆಡಬೇಕಿದ್ದ ಯಾಕೂಬ್ ಔಟ್, ಅವನೇ ಕೊನೆಯ ಔಟ್, ಒಂದು ಓಟದಲ್ಲಿ ನಾವು ಸೋತೆವು. ಇದು ಸೆಮಿಫೈನಲ್, ಸೋತರೆ ಖಲಾಸ್. ಡೀನ್ ಎಷ್ಟು ಮೃದುವಾಗಿ ಹೇಳಿದ್ದರು, ಎಣ್ಣೆ ಬೆಲೆ ಬಿದ್ದಿದೆ, ನಿಮಗೆ ಗೊತ್ತಲ್ಲ, ಫೈನಲ್ ತಲುಪಿದರೆ ಇನ್ನೊಂದು ವರ್ಷ ತಂಡ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ನಿಮ್ಮ ಮೂವರ ಕಾಂಟ್ರ್ಯಾಕ್ಟೂ ಜೂನ್‌ಗೆ ಮುಗಿಯುತ್ತದೆ. ನಮ್ಮ ಬಿಲ್ಡಿಂಗಿನಲ್ಲಿ ಆಗಲೇ ನಾಲ್ಕು ಮನೆ ಖಾಲಿ, ಕೆಳಗೆ ಸೋಫಾ, ಮಕ್ಕಳ ಸೈಕಲ್, ಯಾರಾದರೂ ತೆಗೆದುಕೊಳ್ಳಿ ಎಂಬ ಚೀಟಿ. ಮಗಳು ಖುಷಿಗೆ ಮುಂದಿನ ವರ್ಷ ಹತ್ತನೇ ಕ್ಲಾಸು, ಅಪ್ಪಾ ಚಿಲ್ ಎನ್ನುತ್ತಾಳೆ, ಹೆಂಡತಿ ಪ್ರೇರಣಾ ಮಾವಿನಕಾಯಿ ಉಪ್ಪಿನಕಾಯಿ ಈ ಸಲ ಹಾಕಲೋ ಬೇಡವೋ ಎಂದು ಮಾತ್ರ ಕೇಳಿದಳು, ಅದಕ್ಕೂ ನಾನು ನೋಡೋಣ ಎಂದೆ.

ಹೇಳಿಬಿಟ್ಟೆ. ಪಾಸ್ಕಲ್ ಸಾರ್, ತಪ್ಪಾಗಿದೆ, ಕಾರ್ಡಿನಲ್ಲಿ ಹಳೆಯ ಸರದಿಯೇ ಇದೆ. ಅವರು ನನ್ನ ಕಡೆ ತಿರುಗದೆಯೇ ಅಂದರು, ನನಗೆ ಕೇಳ್ಲಿಲ್ಲ. ಸಾರ್, ಹಿಲಾಲ್ ಆಡಬೇಕಾದದ್ದು — ನನಗೆ ಕೇಳ್ಲಿಲ್ಲ ಅಂದೆ ಮಾರಾಯ್ರೆ, ಸ್ವಲ್ಪ ಹಲ್ಲು ಬಿಟ್ಟು ಕೂತ್ಕೊಳ್ಳಿ, ಗೆದ್ದವರು ನಾವು, ಸತ್ತವರ ಬೊಜ್ಜದ ಮನೆಗೆ ಬಂದವರ ಹಾಗೆ ಕೂತಿದ್ದೀರಿ. ಹಲ್ಲು ಬಿಟ್ಟೆ. ಅವರ ಮೊಣಕಾಲು ಮಾತ್ರ ಹೊಲಿಗೆ ಮಿಶನ್ನಿನ ಹಾಗೆ ಅದುರುತ್ತಿದೆ, ಕೇಳಿಸಿದೆ ಅವರಿಗೆ. ನಮ್ಮ ತಪ್ಪನ್ನು ನಾವೇ ಹೇಳಬೇಕೆಂಬ ನಿಯಮವಿಲ್ಲ, ಅಂಪೈರ್ ಕೂಡ ತಾನಾಗಿ ಹೇಳುವ ಹಾಗಿಲ್ಲ, ಎದುರಾಳಿಯೇ ಕಂಡುಹಿಡಿಯಬೇಕು, ಪುಸ್ತಕ ನನ್ನ ಪರವಾಗಿದೆ, ಆದರೂ — ಅಯ್ಯೋ, ಎದ್ದ. ಆಸ್ವಾಲ್ಡ್ ಎದ್ದ, ಕಾರ್ಡು ಕೈಯಲ್ಲೇ ಇದೆ, ಅಂಕಣ ಬಳಸಿ ಈ ಕಡೆಯೇ ಬರುತ್ತಿದ್ದಾನೆ, ಹೋದ ವರ್ಷ ನಿಯಮದ ಪುಸ್ತಕ ತೆರೆದು, ನಮ್ಮ ಬ್ಯಾಟಿಗೆ ಸುತ್ತಿದ ಟೇಪು ಎರಡು ಬೆರಳು ಜಾಸ್ತಿ ಎಂದು ಬ್ಯಾಟನ್ನೇ ಹೊರಗೆ ಹಾಕಿಸಿದ ಮನುಷ್ಯ. ನಮಾಜಿನ ಸಾಲು ಈಗ ನೆಲಕ್ಕೆ ಹಣೆ ಮುಟ್ಟಿಸಿದೆ. ಎಂತ ಪಾಸ್ಕಲಣ್ಣ, ಎಂದ, ಅವರ ಊರಿನ ಕಡೆಯವನೇ, ಇಡೀ ದಿನ ಮಲಗಿಸಿ ಕೊನೆಗೆ ಹೊಡೆದ್ರಲ್ಲ. ದೇವರು ದೊಡ್ಡವ ಆಸ್ವಾಲ್ಡ್, ಕೂತ್ಕೋ. ಕೂರ್ಲಿಕ್ಕೆ ಅಲ್ಲ, ಒಂದು ಕೇಳ್ಲಿಕ್ಕುಂಟು, ಎಂದು ಕಾರ್ಡು ತಿರುಗಿಸಿದ, ಇದು ಯಾರು ಬರೆದದ್ದು? ನಾನು ಎಂದೆ, ಎಂದೆನೋ ಇಲ್ಲವೋ. ಅವನ ಹೆಬ್ಬೆರಳು ಇಳಿಯುತ್ತಿದೆ, ಒಂದನೆಯ ಸಾಲು, ಎರಡನೆಯದು, ಮೂರು, ನಾಲ್ಕರ ಮೇಲೆ ನಿಂತಿತು. ಮುಗಿಯಿತು, ಸೋಫಾ, ಸೈಕಲ್, ಚೀಟಿ. ಎಂಥ ಅಕ್ಷರ ಮಾರಾಯ್ರೆ, ಮದುವೆ ಕಾಗದದ ಹಾಗೆ ಉಂಟು, ಈ ಯಾಕೂಬನ ವೈ ನೋಡಿ, ಅದರ ಬಾಲ ನೋಡಿ, ನನ್ನ ಮಗಳು ಜೇನ್ ವೈ ಬರೆದರೆ ಸತ್ತ ಸಿಗಡಿಯ ಹಾಗೆ, ಇದನ್ನು ಕೊಂಡು ಹೋಗಿ ಅವಳಿಗೆ ತೋರಿಸ್ತೇನೆ, ಆಗಬಹುದಲ್ಲ? ಪಾಸ್ಕಲ್ ಸಾರ್ ನಕ್ಕರು, ಬೇಕಾದ್ದಕ್ಕಿಂತ ತುಸು ಹೆಚ್ಚೇ, ಕೊಂಡು ಹೋಗು ಕೊಂಡು ಹೋಗು, ಫ್ರೇಮ್ ಹಾಕಿಸು.

ಬಲಕ್ಕೆ ಸಲಾಂ, ಎಡಕ್ಕೆ ಸಲಾಂ, ಎದ್ದರು. ಕೈ ಕುಲುಕುತ್ತಿದ್ದಾರೆ, ಬೇಗ ಕುಲುಕಿ ಮಕ್ಕಳೇ, ಗ್ಲೌಸ್ ತಗೊಳ್ಳಿ, ಎದುರು ತಂಡದ ಒಬ್ಬ ದಾಟಿದ, ಇಬ್ಬರು, ನಾಲ್ವರು, ಸುಣ್ಣದ ಗೆರೆ ಶೂಗಳಡಿ ಅಳಿಸುತ್ತಿದೆ, ಎಂಟು, ಕೊನೆಯವನು, ಅವರ ಚೆಂಡೆಸೆಯುವ ಪಿಚರ್, ಟೋಪಿ ಮರೆತು ಹಿಂದೆ ಹೋದ, ಅಯ್ಯೋ ಹುಡುಗ, ಟೋಪಿಯ ಮರಳು ಕೊಡವುತ್ತಾನೆ, ಮತ್ತೆ ಕೊಡವುತ್ತಾನೆ, ಬಂದ, ಬಂದ, ದಾಟಿದ. ಆಯಿತು. ಇನ್ನು ಯಾರು ಓದಿದರೂ ಏನೂ ಆಗುವುದಿಲ್ಲ. ಬೆನ್ನಿನ ಮೇಲಿನ ಬೆವರು ಒಮ್ಮೆಲೇ ತಣ್ಣಗಾಯಿತು, ಗಾಳಿ ಇತ್ತೇ ಇಷ್ಟು ಹೊತ್ತೂ, ಹಿಲಾಲ್ ಬಂದು ಕೋಚ್ ಕೋಚ್ ಎಂದು ನನ್ನನ್ನೇ ಎತ್ತಿದ, ಅವನಿಗೇನು ಗೊತ್ತು, ಪಾಸ್ಕಲ್ ಸಾರ್ ಕಿವಿಯ ಹತ್ತಿರ, ಈಗ ಹೇಳಿ ರಾಜಗೋಪಾಲ್ರೇ, ಆಗ ಏನೋ ಹೇಳ್ತಾ ಇದ್ರಲ್ಲ? ಏನಿಲ್ಲ ಸಾರ್. ಪ್ರೇರಣಾಗೆ ಫೋನ್ ಮಾಡಬೇಕು, ಉಪ್ಪಿನಕಾಯಿ ಹಾಕು, ದೊಡ್ಡ ಭರಣಿಯಲ್ಲೇ ಹಾಕು. ನಗು ಬರುತ್ತಿದೆ, ಕಣ್ಣಲ್ಲಿ ನೀರೂ ಬರುತ್ತಿದೆ, ಬಸ್ಸು ಹೊರಟಿತು, ಹುಡುಗರು ಸೀಟು ಬಡಿದು ಹಾಡುತ್ತಿದ್ದಾರೆ, ಕಿಟಕಿಯಾಚೆ ಆಸ್ವಾಲ್ಡ್ ಖಾಲಿ ಬೆಂಚಿನ ಬಳಿ ಒಬ್ಬನೇ ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದಾನೆ — ಅವನ ಕಾಲೇಜಿನ ಡೀನ್ ಅವನಿಗೆ ಏನು ಹೇಳಿದ್ದಾರೋ, ಸೋತರೆ ಏನೋ, ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ, ಬಗ್ಗಿದಾಗ ಜೇಬಿನಿಂದ ಕಾರ್ಡು ಅರ್ಧ ಹೊರಗೆ ಬಂತು, ಅವನು ಅದನ್ನು ಬೆರಳಿಂದ ಜೋಪಾನವಾಗಿ ಒಳಗೆ ತಳ್ಳಿದ, ಮನೆಯಲ್ಲಿ ದೀಪದಡಿ ಹಿಡಿದು ಮಗಳಿಗೆ ತೋರಿಸುತ್ತಾನೆ, ನೋಡು ಜೇನ್, ನಾಲ್ಕನೆಯ ಸಾಲು ನೋಡು, ಕಪ್ಪು ಶಾಯಿ, ಒಂದು ಗೀಚೂ ಇಲ್ಲ, ಆ ವೈ, ಅದರ ಬಾಲ