ಗುಣಿಯ ಮಣ್ಣು

"ನೆಕ್ಕಬೇ ರಂಡೆ! ನನ್ನ ಹೊಲದಾಗ ನಿಂತು ನನಗೇ ಎದುರು ಮಾತಾಡ್ತಿ? ನೆಕ್ಕು!"

ದೌಲತರಾಯ ಸಾವ್ಕಾರ ಗುರುಬಾಯಿಯ ತುರುಬು ಹಿಡಿದು ಅವಳ ಮುಖವನ್ನು ಸವಳು ನೆಲಕ್ಕೆ ತಿಕ್ಕಿದ. ಬೆಳ್ಳಗೆ ಹೆಪ್ಪುಗಟ್ಟಿದ್ದ ಉಪ್ಪು ಒಡೆದ ತುಟಿಗೆ ತಾಗಿ ಕಣ್ಣಿಗೆ ಕತ್ತಲೆ ಬಂತು. ಬದುವಿನ ಮೇಲೆ ಅವನ ಆಳು ಕಲ್ಲಿನಾಥ ಬಡಿಗೆ ಹಿಡಿದು ನಿಂತಿದ್ದ. ಅವನೂ ಅವಳ ಹೊಲಗೇರಿಯವನೇ. ಈ ಕಡೆ ನೋಡಲೊಲ್ಲ.

ಆಕೆ ಕೇಳಿದ್ದೇನು ಮಹಾ? ದೀಪಾವಳಿಯ ಹೂ ಹರಿದುಕೊಳ್ಳುವತನಕ ಹೊಲ ಬಿಡಿಸಬೇಡ್ರಿ ಅಂದಿದ್ದಳು. ಅಷ್ಟೇ.

ಮೂರು ವರ್ಷದ ಹಿಂದೆ ಈ ಅರ್ಧ ಎಕರೆಯಲ್ಲಿ ಕರಿಕೆ ಹುಲ್ಲೂ ಹುಟ್ಟುತ್ತಿರಲಿಲ್ಲ. ಸಾವ್ಕಾರ ಮೇಲಿನ ಹೊಲದ ಕಬ್ಬಿಗೆ ಬಿಟ್ಟ ನೀರು ಇಲ್ಲಿಗಿಳಿದು ಇಂಗಿ, ಉಪ್ಪು ಕಕ್ಕುತ್ತಿತ್ತು. "ಬೇಕಾದ್ರ ಪಾಲಿಗೆ ಮಾಡ್ಕೊ" ಎಂದು ನಾಯಿಗೆ ರೊಟ್ಟಿ ಎಸೆದಂತೆ ಎಸೆದಿದ್ದ. ಇಡೀ ಹೊಲ ತಿದ್ದುವಷ್ಟು ಗೊಬ್ಬರ ಅವಳಿಗೆಲ್ಲಿಂದ ಬರಬೇಕು? ಗುಣಿ ತೋಡಿದಳು, ಗುಣಿಗೊಂದು ಬುಟ್ಟಿ ತುಂಬಿದಳು. ಕರಿಮಣ್ಣು, ಸಗಣಿ, ತೊಗರಿ ಹೊಟ್ಟು, ಎರೆಹುಳು ಗೊಬ್ಬರ, ಎಲ್ಲ ತಲೆಯ ಮೇಲೆ ಹೊತ್ತದ್ದು. ಆಳಂದದಿಂದ ತಂದ ಜೀವಾಣು ಗೊಬ್ಬರದ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ, ಸಸಿಯ ಬೇರು ಅದ್ದಿ ಅದ್ದಿ ನೆಟ್ಟಳು. ಎರಡು ವರ್ಷ ಸಸಿಗಳು ಸುಟ್ಟು ಸತ್ತವು, ಊರು ನಕ್ಕಿತು. ಈ ವರ್ಷ ಬಿಳಿ ನೆಲದ ತುಂಬ ಚೆಂಡುಹೂ. ಅದನ್ನು ಕಂಡಿದ್ದೇ ತಡ, ಸಾವ್ಕಾರನಿಗೆ ತನ್ನ ಹೊಲದ ನೆನಪಾಯಿತು.

"ಹೊಲ ನಂದು, ಹೂವೂ ನಂದೇ. ನಡೀ ಇಲ್ಲಿಂದ!"

ಗುರುಬಾಯಿ ಎದ್ದು ಬಾಯಲ್ಲಿದ್ದ ರಕ್ತ ಉಗುಳಿದಳು. "ಹೊಲ ನಿಮ್ದೇ ಅದರಿ, ಇಲ್ಲಂದಿಲ್ಲ. ಗುಣ್ಯಾಗಿನ ಮಣ್ಣ ನಂದು. ನಾ ಒಯ್ತೇನಿ."

"ಏನಂದಿ?"

ಆಕೆ ಗುದ್ದಲಿ ಎತ್ತಿ ಹತ್ತಿರದ ಗಿಡವನ್ನು ಬೇರು, ಕರಿಮಣ್ಣು ಸಮೇತ ಎಬ್ಬಿಸಿ, ಹೊಲದ ಕೆಲಸಕ್ಕೆ ಜೊತೆಗೆ ಬಂದಿದ್ದ ಮೈದುನನ ಹೆಂಡತಿ ಗೌರಾಬಾಯಿಯ ಬುಟ್ಟಿಗೆ ಇಟ್ಟಳು.

"ಹಾಕಲೇ ಕಲ್ಲ್ಯಾ! ಕೈ ಮುರಿ ಈ ಹಲ್ಕಟ್‌ದು!"

ಬಡಿಗೆ ಬೆನ್ನಿಗೆ ಬಿತ್ತು. ಆಕೆ ಇನ್ನೊಂದು ಗಿಡ ಎಬ್ಬಿಸಿದಳು. ಮತ್ತೆ ಬಿತ್ತು, ಎಡಗೈಯ ಎಲುಬು ಲಟಕ್ಕೆಂದಿತು. ಆಕೆ ಮತ್ತೊಂದಕ್ಕೆ ಬಗ್ಗಿದಳು. ಕಲ್ಲಿನಾಥ ಬಡಿಗೆ ಒಗೆದುಬಿಟ್ಟ.

"ನನ್ನ ಕೈಲೆ ಆಗಂಗಿಲ್ರಿ ಸಾವ್ಕಾರ್ರ. ಸತ್ತು ಹೋಗ್ತಾಳ್ರಿ."

"ಥೂ, ನಾಮರ್ದ ಸೂಳಿಮಗನ!" ಸಾವ್ಕಾರ ತಾನೇ ಬಂದು, ಮುಂದಿನ ಗುಣಿಯ ಮೇಲೆ ಗಿಡ ಮೆಟ್ಟಿ ನಿಂತ. ಅವನ ಕಾಲು ಕಂಡರೆ ಆ ಊರಿನಲ್ಲಿ ಯಾರ ಗುದ್ದಲಿಯಾದರೂ ನಿಲ್ಲುತ್ತಿತ್ತು. ಅವನ ಅಪ್ಪನ ಕಾಲಿಗೂ ನಿಂತಿತ್ತು. "ಈಗ ತೋಡಬೇ, ನೋಡ್ತೇನಿ" ಎಂದು ನಕ್ಕ.

"ಕಾಲ್ ತೆಗೀರಿ."

"ತೆಗ್ಯಂಗಿಲ್ಲ."

ಮುರಿದ ಕೈಯನ್ನು ಎದೆಗವಚಿ, ಒಂದೇ ಕೈಯಲ್ಲಿ ಗುದ್ದಲಿ ಎತ್ತಿ ಗುರುಬಾಯಿ ಹಾಕಿದಳು. ಚಪ್ಪಲಿ ಸೀಳಿತು, ಒಳಗಿನ ಕಾಲೂ ಸೀಳಿತು. ಸಾವ್ಕಾರ ಚೀರುತ್ತ ಸವಳಿನ ಮೇಲೆ ಹೊರಳಾಡತೊಡಗಿದ. ಕಲ್ಲಿನಾಥ ಇದ್ದಲ್ಲಿಂದ ಅಲುಗಲಿಲ್ಲ.

ಗುರುಬಾಯಿ ಬಗ್ಗಿ, ನಜ್ಜುಗುಜ್ಜಾದ ಗಿಡವನ್ನು ರಕ್ತಕ್ಕೆ ಒದ್ದೆಯಾದ ಮಣ್ಣಿನೊಂದಿಗೆ ಎತ್ತಿದಳು.

"ಬುಟ್ಟಿ ಈ ಕಡಿ ತಾ ಬೇ, ಗೌರಾ. ಇನ್ನಾ ಭಾಳ ಗುಣಿ ಅವ."