ಮನೆ ಬಳಕೆಯ ಲೈನು

ನಮ್ಮಪ್ಪ ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ತಕ್ಕಡಿಯಲ್ಲಿ ಹತ್ತು ಗ್ರಾಂ ವ್ಯತ್ಯಾಸ ಬಂದರೂ ಅಂಗಡಿಯವನ ಬೆವರಿಳಿಸುತ್ತಿದ್ದರು. ಸುಳ್ಳು ಹೇಳುವವರನ್ನು ಕಂಡರೆ ಆಗುತ್ತಿರಲಿಲ್ಲ, ತಾವೂ ಹೇಳಿದವರಲ್ಲ. ಆ ಹೆಮ್ಮೆಯೇ ನಮ್ಮನ್ನು ಹಾಳುಮಾಡಿತು ಎಂದರೆ ನೆಂಟರು ನನ್ನನ್ನೇ ಬೈಯುತ್ತಾರೆ. ಬೈಯಲಿ.

ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅಪ್ಪನ ಕೈ ನಡುಗುತ್ತದೆ, ಅವರಿಂದಾಗದು. ವಿಮೆ ಕಂಪನಿಯಲ್ಲಿ ಅರ್ಜಿ ಪರಿಶೀಲಿಸುವ ನಾನು ನಮ್ಮ ಮೇಲಧಿಕಾರಿ ಮೇಡಂ ಅವರನ್ನು ಕಾಡಿಬೇಡಿ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದೆ. ಷರತ್ತು ಒಂದೇ: ಮೊದಲ ತಿಂಗಳು ಒಂದು ದಿನವೂ ಕೆಲಸ ನಿಲ್ಲಬಾರದು. ನಿಂತರೆ ಐದು ಗಂಟೆ ದೂರದ ಊರಿನ ಆಫೀಸಿಗೆ ವಾಪಸ್.

ಇಪ್ಪತ್ತಾರನೆಯ ದಿನ ಇಂಟರ್ನೆಟ್ ತುಸು ನಿಧಾನವಾಯಿತು. ನಾನು ಹಲ್ಲುಕಚ್ಚಿ ಕೆಲಸ ಸಾಗಿಸುತ್ತಿದ್ದೆ. ಅಪ್ಪನಿಗೆ ತಡೆಯಲಾಗಲಿಲ್ಲ. ಲೈನು ಅವರ ಹೆಸರಿನಲ್ಲಿತ್ತು, ಹಜಾರದಲ್ಲಿ ನಿಂತು ಇಂಟರ್ನೆಟ್ ಕಂಪನಿಗೆ ಫೋನ್ ಹಚ್ಚಿದರು.

"ನೋಡಮ್ಮ, ಹೇಳಿದ್ದಕ್ಕಿಂತ ಸ್ಪೀಡ್ ಕಮ್ಮಿ ಕೊಡ್ತಿದ್ದೀರಿ. ಇದು ತೂಕದಲ್ಲಿ ಹೊಡೆದ ಹಾಗೇನೇ. ನನ್ನ ಮಗಳು ದಿನಕ್ಕೆ ಒಂಬತ್ತು ಗಂಟೆ ಇದರಲ್ಲೇ ಆಫೀಸ್ ಕೆಲಸ ಮಾಡ್ತಾಳೆ."

ಆಚೆಯವಳು ಏನು ಬರೆದುಕೊಂಡಳೋ, ಮರುದಿನ ಬೆಳಿಗ್ಗೆ ಹತ್ತಕ್ಕೆ ಲೈನು ಸತ್ತುಹೋಯಿತು. ಮೊಬೈಲಿನ ಇಂಟರ್ನೆಟ್ಟಿನಲ್ಲಿ ನಮ್ಮ ಆಫೀಸಿನ ಪುಟ ತೆರೆಯುವುದೇ ಇಲ್ಲ. ನಾನೇ ಫೋನ್ ಮಾಡಿ ಕೇಳಿದೆ.

"ಇದು ಮನೆ ಬಳಕೆಯ ಕನೆಕ್ಷನ್ ಮೇಡಂ, ಆಫೀಸ್ ಕೆಲಸಕ್ಕಲ್ಲ. ನಿಮ್ಮ ತಂದೆಯವರೇ ಹೇಳಿದ್ದಾರಲ್ಲ. ಕೆಲಸಕ್ಕೆ ಬಳಸ್ತಿಲ್ಲ ಅಂತ ಅವರು ಸಹಿ ಮಾಡಿ ಫೋಟೋ ಕಳಿಸಿದ್ರೆ ಒಂದು ಗಂಟೇಲಿ ಬಿಡ್ತೀವಿ."

ಹಾಳೆ ಬರೆದು ಅಪ್ಪನ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಇದು ಸುಳ್ಳಲ್ವೇನೇ?"

"ಸುಳ್ಳೇ. ಹಾಕಿ ಸಹಿ."

"ಮೂವತ್ತಾರು ವರ್ಷದ ನೌಕರಿಯಲ್ಲಿ ಒಂದು ಸುಳ್ಳು ಕಾಗದಕ್ಕೆ ಸಹಿ ಹಾಕಿಲ್ಲ ನಾನು."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಸತ್ಯ ಬಂದು ಅಮ್ಮನ ಮಗ್ಗುಲು ಬದಲಿಸುತ್ತಾ?" ಎಂದೆ. ಅವರು ಜಗ್ಗಲಿಲ್ಲ. ಊಟದ ಹೊತ್ತು ದಾಟಿತು, ಮೂರೂವರೆಯಾಯಿತು. ಮೇಡಂ ಎರಡು ಸಲ ಫೋನ್ ಮಾಡಿದರು, ಏನೋ ತೊದಲಿದೆ.

ಕೋಣೆಯಲ್ಲಿ ಮಲಗಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಪ್ಪನನ್ನು ಕರೆದಳು.

"ರೀ, ಇನ್ನೊಂದು ತಿಂಗಳಲ್ಲಿ ಎದ್ದು ಓಡಾಡ್ತೀಯ ಅಂತ ನನಗೆ ದಿನಾ ಹೇಳ್ತೀರಲ್ಲ, ಅದೇನು ಮತ್ತೆ?"

ಅಪ್ಪ ಬಾಗಿಲಿಂದಲೇ ಹಿಂದಿರುಗಿ ಕನ್ನಡಕ ಹಾಕಿಕೊಂಡರು. ಸಹಿ ಹಾಕಿದರು. ಹೆಸರು ಗೆರೆ ದಾಟಿತ್ತು.

ನಾಲ್ಕೂವರೆಗೆ ಲೈನು ಬಂತು. ಅದರ ಜೊತೆಯಲ್ಲೇ ಮೇಡಂ ಪತ್ರವೂ ಬಂತು: ಇಡೀ ದಿನ ಕೆಲಸ ನಿಂತಿದೆ, ಸೋಮವಾರದಿಂದ ಆಫೀಸಿಗೆ ಹಾಜರಾಗತಕ್ಕದ್ದು. ಅಪ್ಪ ನನ್ನ ಹಿಂದೆ ಬಗ್ಗಿ ನಿಂತು ಅದನ್ನು ಎರಡು ಸಲ ಓದಿದರು.

"ಏನಾಯ್ತು, ಉಳೀತಾ?" ಅಮ್ಮ ಒಳಗಿಂದ ಕೇಳಿದಳು.

"ಉಳೀತು ಕಣೇ," ಎಂದರು ಅಪ್ಪ, ಒಂಚೂರೂ ತಡವರಿಸದೆ. "ಇವಳು ಎಲ್ಲಿಗೂ ಹೋಗಲ್ಲ."